ಎಕ್ಸೆಲ್ ಶೀಟಿನಲ್ಲೊಂದು ಹಣತೆ

ದೀಪಾವಳಿ ಹೊತ್ತಿಗೆ ಮಕ್ಕಳು ಶಾಲೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು, ಚೌಕಗಳಿಗೆ ಬಣ್ಣ ತುಂಬಿ ಹಣತೆಯನ್ನೋ ಗೂಡುದೀಪವನ್ನೋ ಬಿಡಿಸುತ್ತಿದ್ದರೆ ‘ಆಟ ಸಾಕು, ಪಾಠ ನೋಡಿ’ ಅನ್ನುವವರೇ ಜಾಸ್ತಿ. ನನ್ನ ಪ್ರಕಾರ ಪಾಠ ಇರುವುದೇ ಅಲ್ಲಿ.

ಈಗ ಎಕ್ಸೆಲ್ ಪಾಠ ಅಂದರೆ ಏನು? ಐದು ಹೆಸರು, ಐದು ವಿಷಯದ ಅಂಕ, ಕೊನೆಗೊಂದು ಮೊತ್ತ. ಪುಸ್ತಕ ನೋಡಿ ಟೈಪ್ ಮಾಡಿದರೆ ಮುಗಿಯಿತು. ಹೀಗೆ ಕಲಿತು ಸರ್ಟಿಫಿಕೇಟ್ ಪಡೆದವರು ಸೊಸೈಟಿಯಲ್ಲೋ ಡೇರಿಯಲ್ಲೋ ಕೆಲಸಕ್ಕೆ ಕೂತಾಗ, ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ ಉತ್ತರವನ್ನಷ್ಟೇ ಸೆಲ್‌ಗೆ ತುಂಬುತ್ತಾರೆ. ತಪ್ಪು ಅವರದಲ್ಲ. ಶೀಟು ತಾನೇ ಕೆಲಸ ಮಾಡುವುದನ್ನು ಅವರಿಗೆ ಯಾರೂ ತೋರಿಸಿಲ್ಲ.

ಸಾಮಾನ್ಯವಾಗಿ ಹೊಸ ಶೀಟಿನ ಒಂದು ಸೆಲ್ 64 ಪಿಕ್ಸೆಲ್ ಅಗಲ, 20 ಪಿಕ್ಸೆಲ್ ಎತ್ತರ ಇರುತ್ತದೆ. ಕಾಲಂಗಳ ಅಗಲವನ್ನೂ 20ಕ್ಕೆ ಇಳಿಸಿದರೆ ಗ್ರಾಫ್ ಹಾಳೆ ತಯಾರು. ಒಂದೊಂದೇ ಸೆಲ್‌ಗೆ ಬಣ್ಣ ಸುರಿಯಬಹುದು, ಆದರೆ ನಾನು ಅದರ ಪರ ಇಲ್ಲ. ಅಷ್ಟಕ್ಕೆ ಕ್ರೇಯಾನ್ ಡಬ್ಬಿ ಸಾಕು. ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ನಿಯಮ ಹಾಕಿಸಿ: 1 ಇದ್ದರೆ ಹಳದಿ, 2 ಇದ್ದರೆ ಮಣ್ಣಿನ ಕೆಂಪು, 3 ಇದ್ದರೆ ಕಡುನೀಲಿ. ಆಮೇಲೆ ಮಗು ಬರೆಯುವುದು ಅಂಕಿ ಮಾತ್ರ. ಹಣತೆಯ ಎಡ-ಬಲ ಒಂದೇ ತರ ಅಲ್ಲವೇ? ಹದಿನಾರು ಕಾಲಂಗಳ ಚಿತ್ರದಲ್ಲಿ ಎಂಟನ್ನಷ್ಟೇ ತುಂಬಿಸಿ. ಒಂಬತ್ತನೆಯದಕ್ಕೆ ‘ಎಂಟನೆಯದರಲ್ಲಿ ಇದ್ದದ್ದು’, ಹತ್ತನೆಯದಕ್ಕೆ ‘ಏಳನೆಯದರಲ್ಲಿ ಇದ್ದದ್ದು’ ಎಂದು ಮೊದಲ ಸಾಲಿಗೆ ಸೂತ್ರ ಕೊಟ್ಟು ಕೆಳಕ್ಕೆ ಎಳೆದರೆ ಉಳಿದರ್ಧ ತಾನೇ ಮೂಡುತ್ತದೆ. ಎಡಗಡೆ ಒಂದು 3 ಅಳಿಸಿ 1 ಹಾಕಿದರೆ ಬಲಗಡೆಯೂ ಜ್ವಾಲೆ ಅಗಲವಾಗುತ್ತದೆ. ಸೂತ್ರ ತಪ್ಪಿದರೆ ದೀಪ ಸೊಟ್ಟಗಾಗುತ್ತದೆ, ಮಗುವಿಗೇ ಕಾಣುತ್ತದೆ. ಅಂಕಪಟ್ಟಿಯಲ್ಲಿ ತಪ್ಪು ಮೊತ್ತವೂ ಸರಿಯಾದದ್ದರಷ್ಟೇ ಚೆನ್ನಾಗಿ ಕಾಣುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಮಾದರಿಗಳಲ್ಲಿ ಹಿಮದ ಗೊಂಬೆಯೇ ಜಾಸ್ತಿ. ಕ್ರಿಸ್‌ಮಸ್‌ಗೆ ಬೇಕಾದರೆ ಕರಾವಳಿಯ ಮಕ್ಕಳು ಗೋದಲಿ ಬಿಡಿಸಲಿ, ಹಿಮ ಕಂಡವರಾರು? ರಂಗೋಲಿ ಮಾತ್ರ ಅಷ್ಟು ಸುಲಭವಲ್ಲ. ಸಂದುಚುಕ್ಕಿಯಲ್ಲಿ ಒಂದು ಸಾಲಿನ ಚುಕ್ಕಿ ಮೇಲಿನ ಎರಡು ಚುಕ್ಕಿಗಳ ನಡುವೆ ಬೀಳುತ್ತದೆ, ಚೌಕಕ್ಕೆ ಒಗ್ಗುವುದಿಲ್ಲ. ಧಾರವಾಡ ಕಡೆಯ ಕಸೂತಿ ಹೇಳಿ ಮಾಡಿಸಿದಂತಿದೆ. ಅದು ಎಳೆ ಎಣಿಸಿಯೇ ಹಾಕುವಂಥದ್ದು. ತೇರು, ಗೋಪುರ, ಆನೆ, ತುಳಸಿಕಟ್ಟೆ ಎಲ್ಲವೂ ಲೆಕ್ಕದಲ್ಲೇ ಇವೆ. ಕಸೂತಿ ಬಲ್ಲ ಅಜ್ಜಿಯೊಬ್ಬರನ್ನು ಲ್ಯಾಬಿಗೆ ಕರೆಸಿದರೆ ಮೇಷ್ಟ್ರಿಗೂ ಉಪಕಾರ.

ಇದಕ್ಕೆ ಇಂಟರ್ನೆಟ್ ಬೇಡ, ಲಿಬ್ರೆ ಆಫೀಸ್ ಕ್ಯಾಲ್ಕ್ ಇದ್ದರೂ ನಡೆಯುತ್ತದೆ. ಒಂದು ಕಂಪ್ಯೂಟರಿಗೆ ನಾಲ್ವರಿದ್ದರೆ ಇಬ್ಬರು ಹಾಳೆಯಲ್ಲಿ ಅಂಕಿ ಹಾಕಲಿ, ಇಬ್ಬರು ಟೈಪ್ ಮಾಡಲಿ. ಹಬ್ಬ ಮುಗಿದ ಮೇಲೆ ಅದೇ ಮಕ್ಕಳಿಗೆ ಒಂದು ವಾರದ ಹಾಲಿನ ಲೆಕ್ಕ ಕೊಡಿ. ಫ್ಯಾಟ್ 3.5ಕ್ಕಿಂತ ಇಳಿದ ಸೆಲ್ ಕೆಂಪಾಗಲಿ ಎಂಬ ನಿಯಮವನ್ನು ಅವರೇ ಹಾಕುತ್ತಾರೆ.