ಇತಿಹಾಸದ ಪಾಠಕ್ಕೆ ಬೇಸಿಗೆಯ ಸಿದ್ಧತೆ

ಮಾಧ್ಯಮಿಕ ತರಗತಿಗಳ ಮಕ್ಕಳು ಗಣಿತವು ಕಠಿನವೆಂದು ದೂರುವುದುಂಟು. ಇತಿಹಾಸವನ್ನಾದರೋ ಅವರು ದೂರುವುದೂ ಇಲ್ಲ. ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಮರುದಿನ ಮರೆತುಬಿಡುತ್ತಾರೆ. ಇದಕ್ಕೆ ಕಾರಣವನ್ನು ಮಕ್ಕಳ ಬುದ್ಧಿಯಲ್ಲಿ ಹುಡುಕುವುದು ಸಲ್ಲದು. ಇತಿಹಾಸವೆಂಬುದು ಪಾಣಿಪತ್ತಿನಲ್ಲಿಯೋ ಪ್ಲಾಸಿಯಲ್ಲಿಯೋ ನಡೆದುದು. ಹಲಸೂರು, ಶಿವಾಜಿನಗರ, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ ಎಂಬ ಭಾವನೆ ಅವರಲ್ಲಿ ಬೇರೂರಿದೆ. ಈ ಭಾವನೆಯನ್ನು ಕೀಳುವ ಕೆಲಸವು ಶಾಲೆ ತೆರೆಯುವುದಕ್ಕೆ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳುಗಳ ರಜೆಯಲ್ಲಿಯೇ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರಜೆ ಬಂತೆಂದೊಡನೆ ಮುಂದಿನ ತರಗತಿಯ ಪುಸ್ತಕವನ್ನು ಮೊದಲೇ ಓದಿಸಿಬಿಡುವ ಮನೆಪಾಠಗಳು ಈಗ ಬೀದಿಬೀದಿಗಳಲ್ಲಿ ಕಾಣುತ್ತವೆ. ಇತರ ವಿಷಯಗಳ ಮಾತು ಹೇಗೇ ಇರಲಿ, ಇತಿಹಾಸಕ್ಕೆ ಇದರಿಂದ ಹಾನಿಯೇ ಹೆಚ್ಚು. ಉತ್ತರವನ್ನು ಮೊದಲೇ ಉರುಹೊಡೆದ ಮಗುವಿಗೆ ತರಗತಿಯಲ್ಲಿ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ. ರಜೆಯು ಪ್ರಶ್ನೆಗಳನ್ನು ಕೊಡಲಿ. ಉತ್ತರ ಹುಡುಕುವ ಮಾರ್ಗವನ್ನು ಉಪಾಧ್ಯಾಯರು ತೋರಿಸಲಿ. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಆಟದಷ್ಟೇ ಪ್ರಿಯವಾಗಬಲ್ಲ ಕೆಲವು ಚಟುವಟಿಕೆಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ಹಲಸೂರಿನ ಸೋಮೇಶ್ವರ ದೇವಾಲಯದಲ್ಲಿ ಕಳೆಯುವ ಒಂದು ಬೆಳಗು. ಪುಸ್ತಕದ ಹಾಳೆಯ ನಡುವೆ ಗೆರೆಯೆಳೆದು ಒಂದು ಕಡೆ ‘ಹೇಳುವುದು’, ಮತ್ತೊಂದು ಕಡೆ ‘ಕಾಣುವುದು’ ಎಂದು ಬರೆದುಕೊಳ್ಳಬೇಕು. ಕೆಂಪೇಗೌಡರ ಸ್ವಪ್ನದಲ್ಲಿ ಸೋಮೇಶ್ವರನು ಕಾಣಿಸಿಕೊಂಡು ನಿಧಿಯ ನೆಲೆಯನ್ನು ತಿಳಿಸಿದನೆಂಬ ಐತಿಹ್ಯ ಮೊದಲ ಕಡೆಗೆ ಸೇರುತ್ತದೆ. ವಿಜಯನಗರ ಶೈಲಿಯ ಕಂಬಗಳು, ಗೋಪುರ, ಗಿರಿಜಾಕಲ್ಯಾಣದ ಶಿಲ್ಪ ಇವು ಎರಡನೆಯ ಕಡೆಗೆ. ಹೀಗೆ ಬರೆದ ಮಗು ಐತಿಹ್ಯವನ್ನು ಹೀಗಳೆಯದೆಯೇ ಅದನ್ನು ಪುರಾವೆಯಿಂದ ಬೇರ್ಪಡಿಸಿ ನೋಡಲು ಕಲಿಯುತ್ತದೆ. ಇತಿಹಾಸದ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ಅಡಿಪಾಯ ಬೇಕಿಲ್ಲ.

ಎರಡನೆಯದು ರೈಲಿನ ಪ್ರವಾಸ. ಟ್ರಿನಿಟಿ ನಿಲ್ದಾಣದಲ್ಲಿ ಮೆಟ್ರೋ ಏರಿ ಪೂರ್ವಾಭಿಮುಖವಾಗಿ ಹೊರಟ ಮಕ್ಕಳು ಪ್ರತಿಯೊಂದು ನಿಲ್ದಾಣದ ಹೆಸರನ್ನೂ ಬರೆದುಕೊಂಡು, ಊರಿನ ಹೆಸರು ಯಾವುದು, ವ್ಯಕ್ತಿಯ ಹೆಸರು ಯಾವುದು, ಕಟ್ಟಡದ ಹೆಸರು ಯಾವುದು ಎಂದು ವಿಂಗಡಿಸಲಿ. ಕೃಷ್ಣರಾಜಪುರವನ್ನು ದಾಟಿದ ಮೇಲೆ ಪಟ್ಟಂದೂರು ಅಗ್ರಹಾರವೆಂಬ ನಿಲ್ದಾಣ ಬರುತ್ತದೆ. ರಾಜೇಂದ್ರ ಚೋಳನ ಕಾಲದ, ಕ್ರಿ.ಶ. ೧೦೪೩ರ ಕಾಡುಗೋಡಿಯ ಶಾಸನವು ಈ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬುಗಳನ್ನು ಇಡಿಸಿದುದನ್ನು ಹೇಳುತ್ತದೆ. ಮನೆಗೆ ಮರಳಿದ ಮೇಲೆ ಒಂದು ಹಗ್ಗದಲ್ಲಿ ಶತಮಾನಕ್ಕೊಂದು ಮೊಳದಂತೆ ಅಳೆದು ಗಂಟು ಹಾಕಲಿ. ಆ ಕೆರೆಯಿಂದ ಇಂದಿನವರೆಗೆ ಹತ್ತಿರ ಹತ್ತಿರ ಹತ್ತು ಮೊಳ. ಅಜ್ಜಿಯ ಆಯುಷ್ಯವೆಲ್ಲ ಒಂದು ಮೊಳದೊಳಗೆ. ಇಸವಿಗಳೆಂಬ ಅಂಕಿಗಳು ಆಗ ಮಗುವಿನ ಕೈಗೆ ತಾಗುತ್ತವೆ.

ಮೂರನೆಯದು ನಕ್ಷೆಯ ಆಟ. ಕಂಟೋನ್ಮೆಂಟನ್ನು ಹಿರಿಯರು ಇಂದಿಗೂ ‘ದಂಡು’ ಎನ್ನುವುದೇಕೆ? ೧೮೦೯ರಲ್ಲಿ ಆಂಗ್ಲರ ಸೈನ್ಯ ಇಲ್ಲಿ ನೆಲೆಯೂರಿತು. ೧೯೪೯ರವರೆಗೆ ಪೇಟೆಯೂ ದಂಡೂ ಬೇರೆ ಬೇರೆ ಪೌರಾಡಳಿತದಲ್ಲಿದ್ದವು. ನಗರದ ನಕ್ಷೆಯಲ್ಲಿ ಇವೆರಡಕ್ಕೂ ಎರಡು ಬಣ್ಣ ತುಂಬಿದ ಮಗುವಿಗೆ ಒಂದು ಪ್ರಶ್ನೆ ಕೊಡೋಣ: ೧೮೬೪ರಲ್ಲಿ ಜೋಲಾರಪೇಟೆಯಿಂದ ಬಂದ ಮೊದಲ ರೈಲು ಪೇಟೆಗೆ ಹೋಗದೆ ದಂಡಿಗೇ ಬಂದು ನಿಂತುದೇಕೆ? ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತ ಕನ್ನಡ, ತಮಿಳು, ಉರ್ದು, ತೆಲುಗುಗಳೆಲ್ಲ ಏಕೆ ಕೇಳಿಬರುತ್ತವೆ? ೧೮೯೮ರ ಪ್ಲೇಗಿಗೂ ಫ್ರೇಜರ್ ಟೌನಿಗೂ ಏನು ಸಂಬಂಧ? ೨೦೨೦ರ ಕೊರೋನಾ ಕಾಲದ ನೆನಪುಗಳನ್ನು ಮನೆಯವರಿಂದ ಕೇಳಿ ಬರೆದುಕೊಂಡ ಮಗುವಿಗೆ ಪ್ಲೇಗಿನ ಪುಟ ಒಣ ಪುಟವಾಗಿ ತೋರಲಾರದು.

ಇವೆಲ್ಲಕ್ಕೂ ಮಿಗಿಲಾದ ಕೆಲಸ ಶಾಸನಗಳ ಹುಡುಕಾಟ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅವುಗಳಲ್ಲಿ ಹಲವು ಕಲ್ಲುಗಳು ಇಂದು ಇದ್ದೆಡೆಯಲ್ಲಿ ಇಲ್ಲ. ರಸ್ತೆ, ಬಡಾವಣೆ, ಮಹಡಿಗಳ ಅಡಿಯಲ್ಲಿ ಕಣ್ಮರೆಯಾಗಿವೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸುಮಾರು ಕ್ರಿ.ಶ. ೭೫೦ರ ಕಿಟ್ಟಯ್ಯನ ವೀರಗಲ್ಲು ದೊರೆಯಿತು. ನೋಡಿ ಗುರುತಿಸುವವರು ಇದ್ದುದರಿಂದ ಅದು ಉಳಿಯಿತು. ಮಿಥಿಕ್ ಸೊಸೈಟಿಯವರು ಇತ್ತೀಚಿನ ವರ್ಷಗಳಲ್ಲಿ ಇಂತಹ ಶಾಸನಗಳ ತ್ರಿಆಯಾಮ ಪ್ರತಿಗಳನ್ನು ಸಿದ್ಧಪಡಿಸುತ್ತಿರುವುದು ಸ್ತುತ್ಯರ್ಹ. ಆದರೆ ಕಲ್ಲನ್ನು ಕಾಯುವವರು ಅದರ ನೆರೆಯವರೇ ಆಗಬೇಕು. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ತಮಿಳು ಶಾಸನಗಳ ಮುಂದೆ ಮನೆಯಲ್ಲಿ ತಮಿಳು ಕಲಿತ ಹುಡುಗಿಯೊಬ್ಬಳು ಒಂದೆರಡು ಅಕ್ಷರ ಗುರುತಿಸಿದರೆ, ಅಂದು ಆಕೆಯೇ ತಂಡಕ್ಕೆ ಗುರು. ಕಲ್ಲಿಗೆ ಸುಣ್ಣ, ಎಣ್ಣೆ, ಸೀಮೆಸುಣ್ಣ ತಾಗಿಸದೆ ಚಿತ್ರ ಬರೆದುಕೊಂಡು ಬರುವುದೇ ನಿಯಮವಾಗಿರಲಿ.

ಬಿಸಿಲು, ವಾಹನಗಳ ದಟ್ಟಣೆ, ಉಪಾಧ್ಯಾಯರ ವಿಶ್ರಾಂತಿಯ ಹಕ್ಕು ಇವನ್ನು ಮುಂದಿಟ್ಟು ಆಕ್ಷೇಪಿಸುವವರಿದ್ದಾರೆ, ಆಕ್ಷೇಪ ನ್ಯಾಯವಾದುದೇ. ಆದುದರಿಂದ ತಂಡವು ಎಂಟು ಹತ್ತು ಮಕ್ಕಳನ್ನು ಮೀರದಿರಲಿ. ಬೆಳಗಿನ ಹತ್ತು ಗಂಟೆಯೊಳಗೆ ಎಲ್ಲರೂ ಮನೆ ಸೇರಲಿ. ಉಪಾಧ್ಯಾಯರ ಮೇಲೆಯೇ ಭಾರ ಹೊರಿಸದೆ, ಈ ಭಾಗದಲ್ಲಿಯೇ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ಭಾನುವಾರಗಳನ್ನು ಕೊಡಲಿ. ನಮ್ಮ ದಾನಿಗಳ ಔದಾರ್ಯದಿಂದ ಕೊಠಡಿಗಳು ಎದ್ದಿವೆ, ಅದಕ್ಕೆ ಸಂಸ್ಥೆ ಋಣಿ. ಮೆಟ್ರೋ ಚೀಟಿ, ಅಳತೆಯ ಪಟ್ಟಿ, ಭೂತಗನ್ನಡಿ, ಒಂದು ನೋಟ್‌ಪುಸ್ತಕ ಇಷ್ಟರ ವೆಚ್ಚ ಒಂದು ಕೊಠಡಿಯ ಬಾಗಿಲಿನ ಬೆಲೆಯನ್ನೂ ಮುಟ್ಟದು. ಈ ದಾನಕ್ಕೆ ಅಮೃತಶಿಲೆಯ ಫಲಕ ಇರುವುದಿಲ್ಲವೆಂಬುದನ್ನೂ ವಿನಯಪೂರ್ವಕವಾಗಿ ಅರಿಕೆ ಮಾಡುತ್ತೇನೆ.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಒಂದೇ. ಶಾಲೆ ತೆರೆದ ಮೊದಲ ವಾರ ಪಠ್ಯಪುಸ್ತಕವನ್ನು ಮುಚ್ಚಿಟ್ಟು ಮಕ್ಕಳ ಈ ಪುಸ್ತಕಗಳನ್ನು ತೆರೆಸಬೇಕು. ಅವರು ತಂದ ಪ್ರಶ್ನೆಗಳನ್ನು ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಬರೆದು, ವರ್ಷವಿಡೀ ಅಳಿಸದೆ ಉಳಿಸಬೇಕು. ಚೋಳರ ಪಾಠ ಬಂದಾಗ ಪಟ್ಟಂದೂರಿನ ಕೆರೆಯನ್ನೂ, ಆಂಗ್ಲರ ಆಳ್ವಿಕೆಯ ಪಾಠ ಬಂದಾಗ ದಂಡಿನ ರೈಲನ್ನೂ ಎತ್ತಿಕೊಂಡರೆ, ಆ ಪ್ರಶ್ನೆಯನ್ನು ತಂದ ಮಗುವೇ ಮೊದಲು ಕೈ ಎತ್ತುತ್ತದೆ.