ಚಿಮ್ಮಂಡೆ ಸಾಕಣೆಯ ಡೆನ್ಸೊ ವೈರಸ್: ಹೊಸಬರು ಮೊದಲು ಅರಿಯಬೇಕಾದುದು



ಕೋಳಿ ಮತ್ತು ಮೀನಿನ ಆಹಾರಕ್ಕಾಗಿ ಚಿಮ್ಮಂಡೆ, ಅಂದರೆ ರಾತ್ರಿಯಲ್ಲಿ ಕಿರ್ರೆನ್ನುವ ಕ್ರಿಕೆಟ್ ಕೀಟವನ್ನು ಸಾಕಬಹುದೇ ಎಂಬ ಪ್ರಶ್ನೆ ನಮಗೆ ಬರುತ್ತಿರುತ್ತದೆ. 2022ರಲ್ಲಿ ಯುರೋಪಿಯನ್ ಒಕ್ಕೂಟವು ಮನೆ ಚಿಮ್ಮಂಡೆಯನ್ನು ಮನುಷ್ಯರ ಆಹಾರವೆಂದೂ ಮಾನ್ಯ ಮಾಡಿತು. ಲಾಭದ ಲೆಕ್ಕ ಹಾಕುವ ಮುನ್ನ ಈ ಕೀಟದ ರೋಗಚರಿತ್ರೆಯನ್ನು ತಾವು ತಿಳಿಯುವುದು ಒಳಿತು.

ಯುರೋಪಿನಲ್ಲಿ 1977ರಲ್ಲೇ ಗುರುತಿಸಲಾದ ಡೆನ್ಸೊ ವೈರಸ್ 2009ರ ಶರತ್ಕಾಲದಿಂದ ಉತ್ತರ ಅಮೆರಿಕದ ಸಾಕಣೆ ಕೇಂದ್ರಗಳನ್ನು ಬರಿದು ಮಾಡಿತು. ದಶಕಗಳಷ್ಟು ಹಳೆಯ ಘಟಕಗಳೂ ದಿವಾಳಿಯಾದವು. ಪರಸ್ಪರ ದೂರದ ಐದು ಸ್ಥಳಗಳ ವೈರಸ್ಸನ್ನು ಪರೀಕ್ಷಿಸಿದಾಗ ಅವುಗಳ ಅನುವಂಶಿಕ ರಚನೆ ಒಂದೇ ಆಗಿತ್ತು. ಎಲ್ಲರೂ ಒಂದೇ ಜಾತಿಯನ್ನು ಒತ್ತೊತ್ತಾಗಿ ಸಾಕುತ್ತಿದ್ದುದರಿಂದ, ಒಳಹೊಕ್ಕ ರೋಗಕ್ಕೆ ತಡೆಯೇ ಇರಲಿಲ್ಲ.

ರೋಗ ತಗುಲಿದ ಕೀಟ ಗಾತ್ರದಲ್ಲಿ ಕುಗ್ಗುತ್ತದೆ, ಎತ್ತರಕ್ಕೆ ಜಿಗಿಯಲಾರದು. ಕೊನೆಯ ಪೊರೆ ಕಳಚುವ ಹಂತದಲ್ಲಿ ಅಥವಾ ಪ್ರೌಢಾವಸ್ಥೆಯ ಆರಂಭದಲ್ಲಿ, ಅಂದರೆ ಮೇವಿನ ಖರ್ಚೆಲ್ಲ ಆದ ಮೇಲೆ, ಸಾಯುತ್ತದೆ. ಸೀಳಿ ನೋಡಿದರೆ ಜೀರ್ಣಾಂಗದ ಚೀಲಗಳು ಖಾಲಿಯಾಗಿರುತ್ತವೆ. ಇದಕ್ಕೆ ಔಷಧಿಯಿಲ್ಲ. ಕೋಳಿಗಾಗಲಿ ಮನುಷ್ಯರಿಗಾಗಲಿ ಇದು ರೋಗ ತರುವುದಿಲ್ಲ.

ರೇಷ್ಮೆ ಬೆಳೆಗಾರರಿಗೆ ಈ ಗುಂಪಿನ ವೈರಸ್ ಹೊಸದಲ್ಲ. ಹುಳುವಿನ ಸಪ್ಪೆ ರೋಗದ ಕಾರಣಗಳಲ್ಲಿ ಡೆನ್ಸೊ ವೈರಸ್ಸೂ ಒಂದು. ಆದರೆ ರೇಷ್ಮೆಹುಳು ಸತ್ತ ಸಂಗಾತಿಯನ್ನು ತಿನ್ನದು, ಚಿಮ್ಮಂಡೆ ತಿನ್ನುತ್ತದೆ. ಹಿಕ್ಕೆಯಿಂದಲೂ ಶವದಿಂದಲೂ ಸೋಂಕು ಹರಡುವುದರಿಂದ ಸತ್ತ ಕೀಟಗಳನ್ನು ದಿನವೂ ತೆಗೆದು ಸುಡಬೇಕು. ಅಡಗುದಾಣಕ್ಕೆ ಇಡುವ ಕಾಗದದ ಮೊಟ್ಟೆ ಟ್ರೇಗಳನ್ನು ಮುಂದಿನ ತಂಡಕ್ಕೆ ಬಳಸುವುದು ನನ್ನ ದೃಷ್ಟಿಯಲ್ಲಿ ಸುಳ್ಳು ಉಳಿತಾಯ.

"ನಮ್ಮದು ರೋಗನಿರೋಧಕ ಜಾತಿ" ಎಂದು ಯಾರಾದರೂ ಮರಿ ಮಾರಲು ಬಂದರೆ, ಯಾವ ರೋಗಕ್ಕೆ ಎಂದು ಕೇಳಿರಿ. ನಮ್ಮ ಹೊಲಗಳಲ್ಲೂ ಇರುವ ಎರಡು ಚುಕ್ಕೆಯ ಕಪ್ಪು ಚಿಮ್ಮಂಡೆ ಡೆನ್ಸೊ ವೈರಸ್ಸನ್ನು ತಡೆದೀತು. ಆದರೆ ಜರ್ಮನಿಯಲ್ಲಿ ಅದನ್ನೇ ಇರಿಡೋ ವೈರಸ್ ಬಾಧಿಸಿದೆ. ಅಮೆರಿಕದಲ್ಲಿ ಬದಲಿ ಜಾತಿಗಾಗಿ ನಡೆದ ಧಾವಂತದಲ್ಲಿ ಅನುಮತಿಯಿಲ್ಲದ ಜಾತಿಯೊಂದು ವ್ಯಾಪಾರದೊಳಗೆ ನುಸುಳಿತು. ನಮ್ಮಲ್ಲಿ ವಿದೇಶದಿಂದ ಜೀವಂತ ಕೀಟ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದಡಿ ಅನುಮತಿ ಬೇಕು.

ಆರೋಗ್ಯವಾಗಿ ಕಾಣುವ ಕೀಟದಲ್ಲೂ ವೈರಸ್ ಅಡಗಿರಬಹುದು. ಆದ್ದರಿಂದ ಹೊಸ ಮರಿಗಳನ್ನು ಒಂದು ಪೀಳಿಗೆ ಮುಗಿಯುವವರೆಗೆ ಬೇರೆ ಕೋಣೆಯಲ್ಲಿಡಿ. ಆ ಕೋಣೆಯ ಕೆಲಸವನ್ನು ದಿನದ ಕೊನೆಗೆ ಮಾಡಿ. ವಿಸ್ತರಣಾ ಕಾರ್ಯಕರ್ತರು ಸಾಯುತ್ತಿರುವ ಕೀಟಗಳನ್ನು ಮಂಜುಗಡ್ಡೆಯಲ್ಲಿಟ್ಟು ಪಿಸಿಆರ್ ಪರೀಕ್ಷೆಗೆ ಕಳುಹಿಸಬೇಕು. ಫಲಿತಾಂಶ ಬರುವವರೆಗೆ ಆ ಘಟಕದಿಂದ ಒಂದು ಮೊಟ್ಟೆಯೂ ಹೊರಹೋಗಬಾರದು.