ಲೆಕ್ಕದ ಪುಸ್ತಕ ಯಾರ ಮನೆಯಲ್ಲಿ?

ಕಿರಾಣಿ ವರ್ತಕರ ಲೆಕ್ಕದ ಪುಸ್ತಕ ಒಂದು ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ಅದನ್ನು ನೋಡಬೇಕಾದ ಅಧಿಕಾರಿ ಅಂಗಡಿಯ ಮೆಟ್ಟಿಲು ಹತ್ತಬೇಕಾಗಿತ್ತು. ತಕರಾರು ಬಂದರೆ ಊರ ಕೋರ್ಟಿತ್ತು. ಇಂದು ಅಂಗಡಿಯ ವಹಿವಾಟು, ಗಿರಣಿ ಕಾರ್ಮಿಕನ ಸಂಬಳ, ಸಾಲ, ಔಷಧದ ಚೀಟಿ ಎಲ್ಲವೂ ಮೊಬೈಲಿನಿಂದ ಹೊರಟು ಯಾವುದೋ ಸರ್ವರನ್ನು ಸೇರುತ್ತವೆ. ಕಂಪನಿಗಳು ಅದನ್ನು ಕ್ಲೌಡ್, ಅಂದರೆ ಮೋಡ, ಎನ್ನುತ್ತವೆ. ಮೋಡವೆಲ್ಲಿ ಬಂತು? ಅದೊಂದು ಕಟ್ಟಡ. ಅದಕ್ಕೆ ವಿಳಾಸವಿದೆ, ಕರೆಂಟ್ ಬಿಲ್ಲಿದೆ, ಒಡೆಯನಿದ್ದಾನೆ. ಅದು ನಿಂತ ನೆಲಕ್ಕೆ ಒಂದು ಸರಕಾರವೂ ಇದೆ.

ಆ ನೆಲದ ಕಾನೂನು ನಡೆಯಬೇಕೋ, ಒಡೆಯನ ದೇಶದ್ದೋ? 2013ರಲ್ಲಿ ಅಮೆರಿಕದ ಸರಕಾರ ಮಾದಕವಸ್ತು ಪ್ರಕರಣವೊಂದರ ತನಿಖೆಗಾಗಿ ಮೈಕ್ರೋಸಾಫ್ಟ್ ಕಂಪನಿಗೆ ವಾರಂಟ್ ಕೊಟ್ಟು ಒಬ್ಬರ ಇಮೇಲುಗಳನ್ನು ಕೇಳಿತು. ಅವು ಇದ್ದದ್ದು ಐರ್ಲೆಂಡಿನ ಡಬ್ಲಿನ್ ನಗರದ ಸರ್ವರಿನಲ್ಲಿ. ಕಂಪನಿ ಒಪ್ಪಲಿಲ್ಲ, 2016ರಲ್ಲಿ ಮೇಲ್ಮನವಿಯ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು. ಸೋತವರು ಸುಮ್ಮನಿದ್ದರೆ? 2018ರ ಮಾರ್ಚಿನಲ್ಲಿ ಹೊಸ ಕಾಯಿದೆಯೇ ಬಂತು. ಹೆಸರೂ ಕ್ಲೌಡ್ ಆಕ್ಟ್! ಅಮೆರಿಕದ ಕಾನೂನಿಗೆ ಒಳಪಟ್ಟ ಕಂಪನಿಯ ವಶದಲ್ಲಿರುವ ಮಾಹಿತಿ ಯಾವ ದೇಶದಲ್ಲಿದ್ದರೂ ಅಲ್ಲಿನ ಆಜ್ಞೆಯಂತೆ ಒಪ್ಪಿಸಬೇಕು ಎಂಬುದೇ ಅದರ ಸಾರ.

ನಮ್ಮ ರಿಜರ್ವ್ ಬ್ಯಾಂಕು ಅದೇ 2018ರ ಏಪ್ರಿಲ್ 6ರಂದು, ಹಣಪಾವತಿಯ ಮಾಹಿತಿಯೆಲ್ಲ ಭಾರತದಲ್ಲೇ ಇರಬೇಕೆಂದು ಆಜ್ಞೆ ಮಾಡಿತು. ಅದನ್ನು ಪಾಲಿಸಲಿಲ್ಲವೆಂದು 2021ರ ಜುಲೈಯಲ್ಲಿ ಮಾಸ್ಟರ್‌ಕಾರ್ಡ್ ಕಂಪನಿ ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳದಂತೆ ತಡೆಯಿತು. 2022ರ ಜೂನಿನಲ್ಲಿ, ಪಾಲನೆಯಾದ ಮೇಲೆ, ತಡೆ ತೆಗೆಯಿತು. ಮನಸ್ಸು ಮಾಡಿದರೆ ದೊಡ್ಡ ಬಂಡವಾಳಗಾರರನ್ನೂ ಬಗ್ಗಿಸಬಹುದೆಂಬುದಕ್ಕೆ ಇದು ಸಾಕ್ಷಿ. ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಪೆಟ್ಟಿಗೆ ನಮ್ಮ ನೆಲದಲ್ಲಿದ್ದು ಬೀಗದ ಕೈ ಪರದೇಶದ ಒಡೆಯನ ಸೊಂಟದಲ್ಲಿದ್ದರೆ ಕೆಲಸ ಅರ್ಧ ಮಾತ್ರ ಆದಂತೆ.

ಇನ್ನು ಸ್ವದೇಶದ ಒಡೆಯರ ಮಾತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಸಾರಿತು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 17ನೇ ಕಲಮು, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣ ಹೇಳಿ ಕೇಂದ್ರ ಸರಕಾರ ತನ್ನ ಯಾವುದೇ ಸಂಸ್ಥೆಗೆ ವಿನಾಯಿತಿ ಕೊಡಬಹುದೆನ್ನುತ್ತದೆ. ಮುಷ್ಕರ ಹೂಡುವ ಕಾರ್ಮಿಕರಿಗೆ ಈ ‘ಸಾರ್ವಜನಿಕ ಶಾಂತಿ’ಯ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ. 16ನೇ ಕಲಮಿನಂತೆ, ಸರಕಾರ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಬೇರೆಲ್ಲಿಗಾದರೂ ಮಾಹಿತಿ ಕಳಿಸಬಹುದು.

ಮಾಹಿತಿ ಪಡೆಯುವ ಮುನ್ನ ಕಂಪನಿ ಸೂಚನಾಪತ್ರ ಕೊಡಬೇಕು. ಅದನ್ನು ಕನ್ನಡದಲ್ಲಿ ಕೇಳುವ ಹಕ್ಕು ನಮಗಿದೆ. ಆದರೆ ಮಾಹಿತಿ ಯಾವ ದೇಶಕ್ಕೆ ಹೋಗುತ್ತದೆಂದು ಅದರಲ್ಲಿ ಬರೆಯಬೇಕೆಂದು ಕಾಯಿದೆಯ 5ನೇ ಕಲಮು ಹೇಳುವುದಿಲ್ಲ. ಯುರೋಪಿನ ಕಾನೂನಾದರೋ, ಮಾಹಿತಿಯನ್ನು ಹೊರದೇಶಕ್ಕೆ ಕಳಿಸುವುದಿದ್ದರೆ ಮೊದಲೇ ತಿಳಿಸಬೇಕೆಂದು ವಿಧಿಸುತ್ತದೆ. ಅಲ್ಲಿನವರಿಗೆ ಸಲ್ಲುವುದು ನಮಗೇಕೆ ಸಲ್ಲದು? ಯಾವ ದೇಶ, ಯಾರ ಸರ್ವರು, ಯಾವ ಕೋರ್ಟು ಎಂಬ ಮೂರು ಸಾಲು ಸೂಚನಾಪತ್ರಕ್ಕೆ ಸೇರಲಿ; 17ನೇ ಕಲಮಿನ ವಿನಾಯಿತಿ ನ್ಯಾಯಾಧೀಶರ ಅನುಮತಿಯಿಲ್ಲದೆ ಸಿಗದಿರಲಿ. ಲೋಕಸಭೆಯಲ್ಲಿ ಈ ತಿದ್ದುಪಡಿಗಳನ್ನು ತರುವಿರಾ ಎಂದು ನಮ್ಮ ಜಿಲ್ಲೆಯ ಸದಸ್ಯರನ್ನು ಈ ಪತ್ರಿಕೆಯ ಮೂಲಕ ಕೇಳುತ್ತಿದ್ದೇವೆ. ಅವರ ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚಾಗುವುದು.